ಪೂಜಾರಿಯ ಅಪ್ಪಣೆ

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಕಂಪ್ಯೂಟರನ್ನು ಕಂಡವರಲ್ಲ. ಆದರೂ ಗ್ರಾಫಿಕ್ಸ್ ಕಾರ್ಡು, ಅದರ ಡ್ರೈವರು, ಇವೆರಡನ್ನೂ ನಂಬಿ ಕುಳಿತ ಬಡ ಭಕ್ತ, ಈ ಮೂವರ ಸಂಬಂಧವನ್ನು ಇದಕ್ಕಿಂತ ಅಡಕವಾಗಿ ಯಾರೂ ಹೇಳಲಾರರೆಂದು ನನ್ನ ನಂಬಿಕೆ. ಕಂಪ್ಯೂಟರಿನ ತೆರೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿದ್ದರೆ ಒಟ್ಟು 20,73,600 ಚುಕ್ಕೆಗಳಾದವು. ಸೆಕೆಂಡಿಗೆ 60 ಸಲ ಅವನ್ನು ಹೊಸದಾಗಿ ಬರೆಯಬೇಕೆಂದರೆ ಹನ್ನೆರಡು ಕೋಟಿಯನ್ನೂ ಮೀರಿದ ಲೆಕ್ಕ. ಈ ರಂಗೋಲಿಯನ್ನು ದಣಿಯದೆ ಬಿಡಿಸುವ ಶಕ್ತಿ ಕಾರ್ಡಿಗಿದೆ. ಆದರೆ ಅದನ್ನು ಒಲಿಸಿಕೊಳ್ಳುವ ಮಂತ್ರ ಗೊತ್ತಿರುವುದು ಡ್ರೈವರ್ ಎಂಬ ತಂತ್ರಾಂಶಕ್ಕೆ ಮಾತ್ರ. ಪೂಜಾರಿ ಬಾಗಿಲು ತೆರೆಯದ ಮೇಲೆ ಗರ್ಭಗುಡಿಯಲ್ಲಿ ದೇವರಿದ್ದೂ ಇಲ್ಲದಂತೆಯೇ ಸರಿ.

ಇತಿಹಾಸವನ್ನೂ ಐಚ್ಛಿಕ ಕನ್ನಡವನ್ನೂ ಓದುತ್ತಿರುವ ನನಗೆ ಈ ಗುಡಿಯ ಉಸಾಬರಿ ಏಕೆಂದು ಮಿತ್ರರು ಕೇಳಿಯಾರು. ಕಾರಣವಿಷ್ಟೆ. ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದೆ ನಮ್ಮಣ್ಣನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶಗಳ ವೀಡಿಯೋ ತೆಗೆದು, ಒಪ್ಪಮಾಡಿ ಕೊಡುವುದು ಅವನ ಕಸಬು. ನನ್ನ ಕಾಲೇಜಿನ ಫೀಸೂ ಹಾಸ್ಟೆಲಿನ ಊಟದ ಹಣವೂ ಹುಟ್ಟುವುದು ಅಲ್ಲಿಯೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ನಿಯತ ಬೆಂಬಲ ಮುಗಿಯಿತಷ್ಟೆ. ಅದರ ಮುಂದಿನ ಆವೃತ್ತಿಗೆ ಅಣ್ಣನ ಹಳೆಯ ಯಂತ್ರ ಅರ್ಹವಾಗಿರಲಿಲ್ಲ. ಹೊಸ ಯಂತ್ರ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಹೀಗಿರಲಾಗಿ ನಾವಿಬ್ಬರೂ ಕೂಡಿ ಲಿನಕ್ಸ್ ಹಾಕಿದೆವು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಅದನ್ನು ಲೋಕದ ಮುಂದಿಟ್ಟಾಗ ಆತನಿಗೆ 21 ವರ್ಷ, ಅಂದರೆ ನಮ್ಮ ಅಂತಿಮ ಬಿ.ಎ. ತರಗತಿಯವರ ವಯಸ್ಸು!

ಕೆಲವು ವಾರ ಸಣ್ಣಪುಟ್ಟ ಕೆಲಸಗಳೆಲ್ಲ ಸರಾಗವಾಗಿಯೇ ಸಾಗಿದವು. ದೊಡ್ಡ ಮದುವೆಯೊಂದರ ವೀಡಿಯೋ ಬಂದಾಗ ಮಾತ್ರ ಚಿತ್ರ ಕುಂಟತೊಡಗಿತು. ಲಿನಕ್ಸಿನೊಡನೆ ತಾನಾಗಿಯೇ ಬಂದಿದ್ದ ಡ್ರೈವರು ಮಂಗಳಾರತಿಯಷ್ಟನ್ನು ಮಾಡಬಲ್ಲದು, ಮಹಾಪೂಜೆ ಅದರ ಕೈಲಾಗದು ಎಂದು ತಿಳಿಯಿತು. ಕಾರ್ಡಿನ ಪೂರ್ಣ ಶಕ್ತಿ ಬೇಕೆಂದರೆ ಅದರ ತಯಾರಕರೇ ಬರೆದ ಡ್ರೈವರನ್ನು ತರಿಸಿಕೊಳ್ಳಬೇಕು. ಆ ತಯಾರಕರ ಹೆಸರು ಇಲ್ಲಿ ಬೇಡ; ಅವರ ಮೇಲೆ ದೂರು ಹೇಳಲು ನಾನು ಹೊರಟಿಲ್ಲ. ಶುಕ್ರವಾರ ಸಂಜೆ ಡ್ರೈವರು ಬಂತು, ಕ್ರಮವಾಗಿ ನೆಲೆಗೊಂಡಿತು, ಯಂತ್ರವನ್ನು ಮರಳಿ ಚಾಲೂ ಮಾಡಿದೆವು. ತೆರೆಯೆಲ್ಲ ಕಪ್ಪು! ಎಡಮೂಲೆಯಲ್ಲೊಂದು ಸಣ್ಣ ಗೆರೆ ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

“ಲೋ, ಭಾನುವಾರ ಬೀಗರು ಬಂದು ಕೂತ್ಕೋತಾರೆ. ಏನು ತೋರಿಸ್ಲಿ, ನಿನ್ನ ಮುಖಾನಾ?” ಎಂದ ಅಣ್ಣ.

“ಸ್ವಲ್ಪ ತಡಿ ಅಣ್ಣಾ, ನೋಡೋಣ” ಎಂದೆ.

ರಿಪೇರಿಯವರೊಬ್ಬರಿಗೆ ಫೋನು ಮಾಡಿದರೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕೆಂದು ಯಂತ್ರವನ್ನು ನೋಡದೆಯೇ ತೀರ್ಪು ಕೊಟ್ಟರು. “ಬಿ.ಎ. ಓದೋ ಹುಡುಗರಿಗೆ ಇದೆಲ್ಲ ಯಾಕಪ್ಪಾ?” ಎಂಬ ಹಿತವಚನವನ್ನೂ ಜೊತೆಗೆ ಸೇರಿಸಿದರು. ಅಳಿಸುವುದು ಸುಲಭ. ಆದರೆ ಆ ಮದುವೆಯ ದೃಶ್ಯಗಳಿದ್ದುದು ಅದೇ ಯಂತ್ರದೊಳಗೆ. ಕ್ಯಾಮೆರಾದ ಕಾರ್ಡುಗಳು ಆಗಲೇ ಬೇರೊಂದು ಕೆಲಸಕ್ಕೆ ಖಾಲಿಯಾಗಿದ್ದವು. ಕಳೆದ ವಸ್ತುವನ್ನು ಮತ್ತೆ ಕೊಳ್ಳಬಹುದು, ಧಾರೆಯನ್ನು ಮತ್ತೆ ಎರೆಸಲಾದೀತೆ?

ಇಲ್ಲಿ ಲಿನಕ್ಸಿನ ಒಂದು ಗುಣವನ್ನು ಹೇಳಬೇಕು. ಅದರ ತೆರೆ ಕಪ್ಪಾದಾಗಲೂ ಯಂತ್ರ ಒಳಗೆ ಎಚ್ಚರವಾಗಿಯೇ ಇರುವುದುಂಟು. ಕಂಟ್ರೋಲ್, ಆಲ್ಟ್, ಎಫ್3 ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರವಿಲ್ಲದ, ಬರೀ ಅಕ್ಷರದ ತೆರೆಯೊಂದು ಬರುತ್ತದೆ. ಅದೂ ಬಾರದಿದ್ದರೆ, ಆರಂಭದ ಗ್ರಬ್ ಪಟ್ಟಿಯಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಮೊದಲಾಗುವ ಸಾಲಿನ ತುದಿಗೆ ‘ನೋಮೋಡ್‌ಸೆಟ್’ ಎಂದು ಬರೆದು ಚಾಲೂ ಮಾಡಬಹುದು. ಆ ಒಂದು ಸಲದ ಮಟ್ಟಿಗೆ ಕರ್ನಲ್ಲು ಚಿತ್ರದ ಏರ್ಪಾಡಿಗೆ ಕೈಹಾಕುವುದಿಲ್ಲ. ನಮಗೆ ಮೊದಲನೆಯ ಉಪಾಯವೇ ಫಲಿಸಿತು. ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯನ್ನು ‘ಕೆ’ ಗುರುತಿನೊಡನೆ ಕೊಟ್ಟು ಕೇಳಿದಾಗ ಕಾರ್ಡಿನ ಹೆಸರು ಕಂಡಿತು, ಅದನ್ನು ನಡೆಸುತ್ತಿರುವ ಡ್ರೈವರಿನ ಸಾಲು ಕಾಣಲಿಲ್ಲ. ದೇವರಿದ್ದಾನೆ, ಪೂಜಾರಿ ನಾಪತ್ತೆ! ಪೂಜಾರಿಯನ್ನು ಕೈಯಾರೆ ಕರೆದು ನೋಡಿದೆ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಒಂದೇ ಸಾಲಿನ ಉತ್ತರ ಬಂತು.

ಅಣ್ಣನಿಗೆ ಅದು ಕಬ್ಬಿಣದ ಕಡಲೆಯಾಗಿತ್ತು. ನನಗಾದರೋ ನಮ್ಮ ಕನ್ನಡ ಅಧ್ಯಾಪಕರ ಮಾತು ನೆನಪಾಯಿತು. ಹಳಗನ್ನಡ ಪದ್ಯ ಬಿಡಿಸುವಾಗ ಅವರು, “ಹೆದರಬೇಡಿ, ಮೊದಲು ಕ್ರಿಯಾಪದ ಹುಡುಕಿ, ಆಮೇಲೆ ಕರ್ತೃ ಯಾರೆಂದು ಕೇಳಿ” ಎನ್ನುತ್ತಾರೆ. ಹಾಗೆಯೇ ಅನ್ವಯ ಮಾಡಿದೆ. ಕ್ರಿಯೆ: ತಿರಸ್ಕರಿಸುವುದು. ತಿರಸ್ಕೃತವಾದದ್ದು: ಕೀಲಿಕೈ. ತಿರಸ್ಕರಿಸಿದವರಾರು? ಕಾರ್ಡೂ ಅಲ್ಲ, ಡ್ರೈವರೂ ಅಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರ. ಅಂದಮೇಲೆ ಕಾರ್ಡು ಕೆಟ್ಟಿಲ್ಲ, ಡ್ರೈವರು ಮುರಿದಿಲ್ಲ, ಅಳಿಸಬೇಕಾದುದು ಏನೂ ಇಲ್ಲ. ಒಂದು ವಾಕ್ಯವನ್ನು ನೆಟ್ಟಗೆ ಓದಿದ್ದರಿಂದ ಒಂದು ಮದುವೆ ಉಳಿಯಿತು!

ಆ ಕಾವಲುಗಾರನ ಹೆಸರು ಸೆಕ್ಯೂರ್ ಬೂಟ್. ನಂಬಿಕಸ್ತರ ಸಹಿಯಿಲ್ಲದ ತಂತ್ರಾಂಶ ಯಂತ್ರದ ಅಂತಃಪುರಕ್ಕೆ ನುಗ್ಗದಂತೆ ತಡೆಯುವುದು ಅದರ ಕೆಲಸ. ನಮ್ಮ ಡ್ರೈವರಿಗೆ ಸಹಿ ಬಿದ್ದಿತ್ತು. ಆ ಸಹಿಯ ಗುರುತು ಮಾತ್ರ ಕಾವಲುಗಾರನಿಗೆ ಇರಲಿಲ್ಲ. ಕಾವಲನ್ನೇ ತೆಗೆದುಹಾಕುವ ದಾರಿಯೂ ಉಂಟು. ಆದರೆ ಊರಿನ ಪೆನ್‌ಡ್ರೈವುಗಳೆಲ್ಲ ಬಂದು ಹೋಗುವ ಸ್ಟುಡಿಯೋದ ಯಂತ್ರಕ್ಕೆ ಕಾವಲು ಬೇಡವೆನ್ನಲು ನಮಗೆ ಮನಸ್ಸಾಗಲಿಲ್ಲ. ‘ಮೋಕ್‌ಯುಟಿಲ್’ ಎಂಬ ಸಾಧನದಿಂದ ಕೀಲಿಯನ್ನು ಪರಿಚಯಿಸಲು ಅರ್ಜಿ ಹಾಕಿ, ಒಂದು ಗುಪ್ತಪದ ಕೊಟ್ಟು, ಯಂತ್ರವನ್ನು ಮತ್ತೆ ಚಾಲೂ ಮಾಡಿದೆವು. ನೀಲಿ ಪುಟವೊಂದು ಬಂತು. ಅಲ್ಲಿ ಕೀಲಿಯನ್ನು ದಾಖಲಿಸುವ ಸಾಲನ್ನು ಆರಿಸಿ, ಅದೇ ಗುಪ್ತಪದವನ್ನು ಒತ್ತಬೇಕು. ಯಂತ್ರದ ಮುಂದೆ ಖುದ್ದಾಗಿ ಕುಳಿತವರಲ್ಲದೆ, ದೂರದಲ್ಲಿ ಅವಿತ ಕಳ್ಳನು ಇದನ್ನು ಮಾಡಲಾರ. ಅದಕ್ಕೆಂದೇ ಈ ಏರ್ಪಾಡು. ಅಣ್ಣನ ಕೈಯಿಂದಲೇ ಒತ್ತಿಸಿದೆ. ತೆರೆ ಬೆಳಗಿತು. ಕುಂಟುತ್ತಿದ್ದ ದಿಬ್ಬಣ ನೆಟ್ಟಗೆ ನಡೆಯಿತು. ಭಾನುವಾರ ಬೀಗರು ಬಂದು, ನೋಡಿ, ಕಾಫಿ ಕುಡಿದು ಹೋದರು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಕರ್ನಲ್ಲಿನ ಒಳಗಿನ ವ್ಯವಸ್ಥೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುತ್ತದೆ. ಕರ್ನಲ್ಲಿನೊಡನೆಯೇ ಬೆಳೆಯುವ ಡ್ರೈವರುಗಳು ಮನೆಯ ಮಕ್ಕಳಂತೆ ಅದರ ಜೊತೆಗೇ ತಿದ್ದಿಕೊಳ್ಳುತ್ತವೆ. ಹೊರಗಿನಿಂದ ಬಂದ ಡ್ರೈವರನ್ನಾದರೋ ಪ್ರತಿ ಹೊಸ ಕರ್ನಲ್ಲಿಗೂ ಮತ್ತೆ ಹೊಂದಿಸಬೇಕು. ಡಿಕೆಎಂಎಸ್ ಎಂಬ ವ್ಯವಸ್ಥೆ ಇದನ್ನು ತಾನಾಗಿಯೇ ಮಾಡುವುದಾದರೂ, ಆ ಕರ್ನಲ್ಲಿಗೆ ಸರಿಹೊಂದುವ ‘ಹೆಡರ್’ ಕಡತಗಳಿಲ್ಲದಿದ್ದರೆ ಅದಕ್ಕೆ ಕೈಕಟ್ಟಿದಂತೆ. ತಿಂಗಳೊಪ್ಪತ್ತಿನಲ್ಲಿ ನಮ್ಮ ತೆರೆ ಎರಡನೆಯ ಸಲ ಕಪ್ಪಾದದ್ದು ಈ ಕಾರಣದಿಂದಲೇ. ಆ ಸಲ ಗ್ರಬ್ ಪಟ್ಟಿಯಲ್ಲಿ ಹಳೆಯ ಕರ್ನಲ್ಲನ್ನು ಆರಿಸಿ ಒಳಹೊಕ್ಕು, ಹೆಡರುಗಳನ್ನು ತರಿಸಿ, ಡ್ರೈವರನ್ನು ಮತ್ತೆ ಕಟ್ಟಿಸಿದವನು ಅಣ್ಣ. ನಾನು ಆಗ ಇಲ್ಲಿ ಕಿರುಪರೀಕ್ಷೆ ಬರೆಯುತ್ತಿದ್ದೆ.

ಮಂತ್ರವನ್ನು ಬಚ್ಚಿಡುವ ಪೂಜಾರಿ, ಕಲಿಸಿಕೊಡುವ ಪೂಜಾರಿ, ಇವರ ನಡುವಣ ಹೋರಾಟಕ್ಕೆ ತನ್ನದೇ ಇತಿಹಾಸವಿದೆ. ಎಎಂಡಿ ಸಂಸ್ಥೆ 2007ರಲ್ಲಿ ತನ್ನ ಕಾರ್ಡುಗಳ ವಿವರಗಳನ್ನು ಬಹಿರಂಗಪಡಿಸುವುದಾಗಿ ಸಾರಿತು. 2015ರಲ್ಲಿ ಅದರ ಹೊಸ ಮುಕ್ತ ಡ್ರೈವರು ಕರ್ನಲ್ಲಿನ ಒಳಗೇ ಸೇರಿತು. ಎನ್‌ವಿಡಿಯಾ ಕಾರ್ಡುಗಳಿಗೆ ಸ್ವಯಂಸೇವಕರು, ಕಾರ್ಡಿನ ನಡೆಯನ್ನು ಗಮನಿಸಿ, ಬಾಗಿಲ ಹೊರಗೆ ನಿಂತು ಮಂತ್ರವನ್ನು ಕೇಳಿ ಬರೆದುಕೊಂಡವರಂತೆ, ‘ನೂವೋ’ ಎಂಬ ಡ್ರೈವರನ್ನು ಕಟ್ಟಿದರು. ಫ್ರೆಂಚಿನಲ್ಲಿ ಆ ಪದಕ್ಕೆ ‘ಹೊಸತು’ ಎಂದರ್ಥ. 2010ರಲ್ಲಿ ಅದು ಕರ್ನಲ್ಲಿನೊಳಗೆ ಬಂತು. 2012ರಲ್ಲಿ ಟೋರ್ವಾಲ್ಡ್ಸರು ಫಿನ್‌ಲೆಂಡಿನ ಆಲ್ಟೋ ವಿಶ್ವವಿದ್ಯಾನಿಲಯದ ಸಭೆಯಲ್ಲಿ ಆ ಸಂಸ್ಥೆಯನ್ನು ಕುರಿತು ಆಡಿದ ಮಾತು ಕಾಲೇಜಿನ ಪತ್ರಿಕೆಯಲ್ಲಿ ಅಚ್ಚುಮಾಡತಕ್ಕದ್ದಲ್ಲ. ಹತ್ತು ವರ್ಷಗಳ ತರುವಾಯ, 2022ರ ಮೇ ತಿಂಗಳಲ್ಲಿ, ಅದೇ ಸಂಸ್ಥೆ ತನ್ನ ಡ್ರೈವರಿನ ಕರ್ನಲ್ ಭಾಗದ ಮೂಲಬರೆಹವನ್ನು ಮುಕ್ತವಾಗಿ ಪ್ರಕಟಿಸಿತು. ಅರ್ಧ ಬಾಗಿಲು ತೆರೆದಂತಾಯಿತು.

ವಿಜ್ಞಾನ ಓದಿದವರ ಪಾಲಿಗೆ ಇವೆಲ್ಲ ಸಾಮಾನ್ಯ ಸಂಗತಿಗಳಿರಬಹುದು. ನಾನು ಹೇಳಬೇಕೆಂದಿರುವುದು ನನ್ನ ಕಲಾ ವಿಭಾಗದ ಗೆಳೆಯ ಗೆಳತಿಯರಿಗೆ. ಸಾಲನ್ನು ಸಾಲಾಗಿ ಓದುವುದು, ಹೇಳಿದವರಾರು ಹೇಳಿದ್ದೇನು ಎಂದು ವಿಂಗಡಿಸುವುದು, ಅರ್ಥವಾಗುವ ಮುಂಚೆ ತೀರ್ಪು ಕೊಡದಿರುವುದು: ಶಾಸನವನ್ನೂ ಕಾವ್ಯವನ್ನೂ ಓದುತ್ತ ನಾವು ಕಲಿಯುವುದು ಇದನ್ನೇ ಅಲ್ಲವೆ? ಈ ವಿದ್ಯೆ ಪರೀಕ್ಷೆಯ ಕೊಠಡಿಯ ಆಚೆಗೂ ನಡೆಯುತ್ತದೆ. “ನಿಮಗೆ ಇದೆಲ್ಲ ಯಾಕೆ” ಎಂದು ಕೇಳುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ಕೊಡುವುದಕ್ಕಿಂತ ತೆರೆಯ ಮೇಲಿನ ಸಾಲನ್ನು ಇನ್ನೊಮ್ಮೆ ಓದುವುದು ಮೇಲು.

ಸ್ಟುಡಿಯೋದ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ಅಣ್ಣ ಈಗ ಒಂದು ಚೀಟಿ ಅಂಟಿಸಿದ್ದಾನೆ. ಕನ್ನಡದಲ್ಲಿ, ಅವನದೇ ಅಕ್ಷರದಲ್ಲಿ ಐದು ಸಾಲು: ಕಪ್ಪಾದರೆ ಹೆದರಬೇಡ, ಅಕ್ಷರದ ತೆರೆಗೆ ಹೋಗು, ಡ್ರೈವರು ಇದೆಯೇ ನೋಡು, ಏಕಿಲ್ಲವೆಂದು ಓದು, ಓದಿದ ಮೇಲೆ ಮಾತ್ರ ಕೈಹಾಕು. ಪಕ್ಕದ ಜೆರಾಕ್ಸ್ ಅಂಗಡಿಯವರು ಮೊನ್ನೆ ಅದರ ಒಂದು ಪ್ರತಿ ಮಾಡಿಕೊಂಡು ಹೋದರಂತೆ.