ನಾದಕ್ಕೆ ಯಾವ ಊರು?

ಕೆಲವು ವರ್ಷಗಳ ಹಿಂದೆ ಗದಗಿನ ಕಡೆ ನಡೆದ ಒಂದು ಜಾತ್ರೆಗೆ ಹೋಗಿದ್ದೆ. ರಾತ್ರಿ ಪ್ರಸಾದವಾದ ಮೇಲೆ ಮಠದ ಅಂಗಳದಲ್ಲಿ ಸಂಗೀತಸೇವೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ವಾಡಿಕೆಯಂತೆ ನನ್ನ ಊರು ಯಾವುದೆಂದು ಕೇಳಿದರು. "ನಂದಿದುರ್ಗ" ಎಂದೆ. "ಬೆಟ್ಟದ ಮ್ಯಾಲೆ ಮನೀ ಮಾಡೀರೇನ್ರಿ?" ಎಂದು ನಕ್ಕರು. ಅದು ಬೆಟ್ಟವಲ್ಲ, ಕೋಲಾರ ಚಿನ್ನದ ಗಣಿಗಳ ಪೈಕಿ ಒಂದು, ಆ ಬೆಟ್ಟದ ಹೆಸರನ್ನು ಗಣಿಗೆ ಇಟ್ಟರು, ಗಣಿಯ ಹೆಸರು ನಮ್ಮ ಬಡಾವಣೆಗೆ ನಿಂತಿತು ಎಂದು ವಿವರಿಸಿದೆ. ಆಗ ಅವರು ಸಹಜವಾಗಿಯೇ ಇನ್ನೊಂದು ಪ್ರಶ್ನೆ ಕೇಳಿದರು: "ಅಲ್ಲಿ ಶಾಸ್ತ್ರೀಯ ಸಂಗೀತ ಕೇಳೋರು ಯಾರಿದ್ದಾರ್ರಿ?"

ಅಷ್ಟರಲ್ಲಿ ತಂಬೂರಿ ಶ್ರುತಿಗೂಡಿತು. ಉತ್ತರ ಹೇಳದೆ ಉಳಿದೆ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಸಂಗೀತದ ಊರುಗಳೆಂದೊಡನೆ ನಮ್ಮ ನೆನಪಿಗೆ ಬರುವ ಹೆಸರುಗಳು ಕೆಲವೇ. ದಕ್ಷಿಣದಲ್ಲಿ ಮೈಸೂರು, ಬೆಂಗಳೂರು, ಕಾವೇರಿಯ ದಡದ ರುದ್ರಪಟ್ಟಣ. ಅರಕಲಗೂಡು ತಾಲ್ಲೂಕಿನ ಆ ಚಿಕ್ಕ ಗ್ರಾಮದಲ್ಲಿ ಸಂಕೇತಿ ಮನೆತನಗಳು ತಲೆಮಾರುಗಳಿಂದ ಸಂಗೀತವನ್ನು ಕುಲವಿದ್ಯೆಯಂತೆ ಕಾಪಾಡಿಕೊಂಡು ಬಂದವು. 1920ರಲ್ಲಿ ಹುಟ್ಟಿ 2014ರವರೆಗೆ ಬಾಳಿದ ಆರ್.ಕೆ. ಶ್ರೀಕಂಠನ್ ಅವರು ಅಲ್ಲಿಯವರೇ. ಉತ್ತರದಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಗದಗ. ಮುಂಬಯಿ, ಪುಣೆ, ಮೀರಜಗಳಿಂದ ಮೈಸೂರಿನ ಅರಮನೆಗೆ ಹೋಗಿಬರುವ ಉಸ್ತಾದರಿಗೆ ಧಾರವಾಡ ಸೀಮೆಯು ನಡುದಾರಿಯ ತಂಗುದಾಣವಾಯಿತು. ತಂಗಿದವರು ಹಾಡಿದರು, ಕೇಳಿದವರು ಶಿಷ್ಯರಾದರು. ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರು ಈ ಪರಂಪರೆಯ ಫಲ. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಭಕ್ತರಾದ ಮಲ್ಲಿಕಾರ್ಜುನ ಮನಸೂರರು ಧಾರವಾಡದ ತಮ್ಮ ಮನೆಗೆ 'ಮೃತ್ಯುಂಜಯ' ಎಂದೇ ಹೆಸರಿಟ್ಟು, 1992ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಊರಿನವರಾಗಿಯೇ ಉಳಿದರು.

ಆದರೆ ಇದು ಹಾಡಿದವರ ಭೂಪಟ. ಕೇಳಿದವರ ಭೂಪಟವನ್ನು ಯಾರೂ ಬರೆದಿಲ್ಲ. ಅವರ ಊರು, ಹೆಸರು ಯಾವ ಆಹ್ವಾನಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ.

ನನ್ನ ಕಿವಿ ತಯಾರಾದದ್ದು ಮಠದಲ್ಲಿ. ಬಾಲ್ಯದಲ್ಲಿ ಸಂಸ್ಕೃತ ವ್ಯಾಕರಣ ಮತ್ತು ವಚನಶಾಸ್ತ್ರ ಕಲಿಯಲೆಂದು ತಂದೆಯವರು ನನ್ನನ್ನು ಮಠಕ್ಕೆ ಒಪ್ಪಿಸಿದರು. ನಸುಕಿನಲ್ಲಿ ಪಾಠ, ಸಂಜೆ ಪ್ರಾರ್ಥನೆ. ವರ್ಷಕ್ಕೊಮ್ಮೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳು ಬಂದು ಹಾಡುತ್ತಿದ್ದರು. ಆ ಆಶ್ರಮದ ಕಥೆಯನ್ನು ಗುರುಗಳು ನಮಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಹುಟ್ಟುಕುರುಡನಾದ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಹಾನಗಲ್ಲ ಕುಮಾರ ಶಿವಯೋಗಿಗಳು ಅವನಿಗೆ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾದರು (1892–1944). ಅವರು ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಅಭ್ಯಾಸ ಮಾಡಿದವರು. ಗದಗಿನಲ್ಲಿ ನೆಲೆ ಸಿಗುವ ಮುನ್ನ ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರಿಂದ ಊರಿಗೆ ಸಂಚರಿಸುತ್ತ ಪಾಠ ಹೇಳಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊಣೆಯನ್ನು ಹೊತ್ತರು. ನೆಲೆಯೇ ಇಲ್ಲದೆ ನಡೆದಾಡಿದ ಪಾಠಶಾಲೆಯ ಕಥೆ ಕೇಳಿ ಬೆಳೆದ ನಾನು, ಸಂಗೀತವು ಇಂಥವರ ಸ್ವತ್ತು, ಇಂಥ ಊರಿನದು ಎಂಬ ಭಾವನೆಯನ್ನು ಎಂದೋ ತೊರೆಯಬೇಕಿತ್ತು. ತೊರೆದಿರಲಿಲ್ಲ.

1985ರಲ್ಲಿ ಕನ್ನಡ ಅಧ್ಯಾಪಕನಾಗಿ ಚಿನ್ನದ ಗಣಿಗೆ ಬಂದೆ. ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹಿಡಿಯಬೇಕು. ಹಿಂದೆ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂದು ಹೆಸರು. ಗಣಿಗಾಗಿಯೇ 1894ರಲ್ಲಿ ಆ ಹಳಿ ಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದುದೂ ಗಣಿಗಾಗಿಯೇ. ದುಡಿಯುವ ಜನ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಬಂದವರು. ಬೀದಿಯಲ್ಲಿ ತಮಿಳು, ತೆಲುಗು. ಸಾಲುಮನೆಗಳ ಹಿಂದೆ ಬಿಳಿಚಿದ ಸೈನೈಡ್ ಗುಡ್ಡಗಳು. ಆಳದಲ್ಲಿ ಬಂಡೆ ಸಿಡಿದಾಗ ಅಡಿಗೆಮನೆಯ ಪಾತ್ರೆಗಳು ತಾವಾಗಿಯೇ ನುಡಿಯುತ್ತಿದ್ದವು. ಇಲ್ಲಿ ನನಗೆ ಸಂಗೀತವೆಂದರೆ ರೇಡಿಯೋ ಒಂದೇ ಎಂದು ಮನಸ್ಸನ್ನು ಸಮಾಧಾನಪಡಿಸಿಕೊಂಡೆ.

ನಮ್ಮ ಸಾಲಿನಲ್ಲಿಯೇ ಗಣಿಯಲ್ಲಿ ಕೆಲಸಮಾಡುವ ಹಿರಿಯರೊಬ್ಬರಿದ್ದರು. ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಜಗುಲಿಯ ಮೇಲೆ ಸುಮ್ಮನೆ ಕೂರುವರು. ಎದುರಾದರೆ "ನಮಸ್ಕಾರ ಸಾರ್" ಎನ್ನುವರು. ಆರು ವರ್ಷ ನಮ್ಮ ಪರಿಚಯ ಅಷ್ಟಕ್ಕೇ ನಿಂತಿತ್ತು.

1991ರ ಬಸವಜಯಂತಿಗೆ ನಾವು ಕೆಲವರು ಸೇರಿ ವಚನಗಾಯನವನ್ನು ಏರ್ಪಡಿಸಿದೆವು. ಉತ್ತರದಿಂದ ಗವಾಯಿಗಳನ್ನು ಕರೆಸಿದ್ದೆವು. ಮನೆಮನೆಗೆ ಆಹ್ವಾನ ಹಂಚುವ ಕೆಲಸ ನನ್ನದು. ನಮ್ಮ ಸಾಲಿನಲ್ಲಿ ನಾಲ್ಕು ಮನೆಗೆ ಕೊಟ್ಟೆ; ಆ ಹಿರಿಯರ ಮನೆಯನ್ನು ದಾಟಿ ಹೋದೆ. ತಮಿಳಿನವರು, ಗಣಿಯಲ್ಲಿ ಬಂಡೆ ಕೊರೆಯುವವರು, ಅವರಿಗೆ ಇದೇನು ತಿಳಿದೀತು ಎಂದುಕೊಂಡೆ. ಈ ಮಾತನ್ನು ಇಂದು ಬರೆಯುವಾಗಲೂ ಕೈ ಹಿಂಜರಿಯುತ್ತದೆ.

ಅಂದು ಗವಾಯಿಗಳು ಎರಡೂವರೆ ಗಂಟೆ ಹಾಡಿದರು. ಕಾರ್ಯಕ್ರಮ ಮುಗಿದು ಹೊರಬಂದಾಗ ಶಾಮಿಯಾನದ ಆಚೆ, ದೀಪದ ಕಂಬಕ್ಕೆ ಒರಗಿ ಅವರು ನಿಂತಿದ್ದರು. ಮೊದಲಿನಿಂದಲೂ ನಿಂತೇ ಇದ್ದರೆಂದು ಹುಡುಗರು ಹೇಳಿದರು. ನಾನು ತಡವರಿಸುತ್ತ, "ಒಳಗೆ ಬರಬಾರದಿತ್ತೆ?" ಎಂದೆ. ಅವರು ತಮಿಳು ಬೆರೆತ ಕನ್ನಡದಲ್ಲಿ, "ಪರವಾಗಿಲ್ಲ ಸಾರ್, ನಮಗೆ ಹೊರಗೆ ನಿಂತು ಕೇಳಿ ಅಭ್ಯಾಸ" ಎಂದರು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ನನ್ನನ್ನು ಹೆಚ್ಚು ಇರಿಯಿತು. ಅವರ ತಂದೆಯವರ ಊರಿನ ದೇವಾಲಯದೊಳಗೆ ಅವರ ಕುಲದವರಿಗೆ ಪ್ರವೇಶವಿರಲಿಲ್ಲವಂತೆ. ಉತ್ಸವದ ರಾತ್ರಿಗಳಲ್ಲಿ ನಾಗಸ್ವರದವರು ಬೀದಿಯಲ್ಲಿ ನಿಂತು ಒಂದೊಂದು ರಾಗವನ್ನು ಗಂಟೆಗಟ್ಟಲೆ ನುಡಿಸುವಾಗ ತಂದೆ ಮಗ ಮೆರವಣಿಗೆಯ ಕೊನೆಯಲ್ಲಿ ನಡೆಯುತ್ತ ಕೇಳುತ್ತಿದ್ದರಂತೆ. ರಾಗದ ಹೆಸರನ್ನು ತಂದೆ ಯಾರನ್ನೋ ಕೇಳಿ ತಿಳಿದು ಮಗನಿಗೆ ಹೇಳುವುದು. ಅದೇ ಅವರ ಪಾಠಶಾಲೆ. ಹೊರಗಿನವರನ್ನು ಒಳಗೆ ಕರೆಯಲೆಂದೇ ಅನುಭವಮಂಟಪ ಕಟ್ಟಿದ ಶರಣರ ಹೆಸರಿನಲ್ಲಿ ಚಪ್ಪರ ಹಾಕಿ, ನಾನು ಅವರನ್ನು ಮತ್ತೆ ಹೊರಗೇ ನಿಲ್ಲಿಸಿದ್ದೆ.

ಮರುದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅವರೇ ಮಾತು ತೆಗೆದರು: "ನಿನ್ನೆ ಮೂರನೆಯದಾಗಿ ಹಾಡಿದರಲ್ಲ ಸಾರ್, ಅದು ಶುದ್ಧ ಸಾವೇರಿ ತಾನೆ? ಆದರೆ ನಡೆ ಬೇರೆ ಇತ್ತು." ಹಾಡಿದ್ದು ದುರ್ಗಾ ರಾಗ. ಗಾಂಧಾರ, ನಿಷಾದಗಳಿಲ್ಲದ ಅದೇ ಐದು ಸ್ವರಗಳು ದಕ್ಷಿಣದಲ್ಲಿ ಶುದ್ಧ ಸಾವೇರಿಯಾಗುತ್ತವೆ. ಸ್ವರಗಳು ಒಂದೇ, ಚಲನೆ ಬೇರೆ. ಮಠದಲ್ಲಿ ಹತ್ತು ವರ್ಷ ಕಳೆದ ನನಗೆ ಆ ಹೋಲಿಕೆ ಹೊಳೆದಿರಲಿಲ್ಲ.

ಇಷ್ಟು ಸೂಕ್ಷ್ಮವಾದ ಕಿವಿ ಹೇಗೆ ಬಂತೆಂದು ಕೇಳಿದೆ. ನಕ್ಕರು. ಸುರಂಗದಲ್ಲಿ ಕೆಲಸಕ್ಕೆ ಮುನ್ನ ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡಬೇಕು. ಗಟ್ಟಿಬಂಡೆಯಾದರೆ ನಾದ ಖಣಿಲೆನ್ನುತ್ತದೆ. ಸಡಿಲವಾಗಿದ್ದರೆ ಟೊಳ್ಳು ಸದ್ದು. ಆ ಭೇದ ತಿಳಿಯದವನು ಸಂಜೆ ಮನೆಗೆ ಬರುವ ಭರವಸೆಯಿಲ್ಲ. "ನಮಗೆ ಕಿವಿಯೇ ಪ್ರಾಣ ಸಾರ್" ಎಂದರು. ನಾವು ರಸಿಕತೆಯನ್ನು ವಿರಾಮದ ಫಲವೆಂದು ಭಾವಿಸುತ್ತೇವೆ. ಅವರ ಕಿವಿ ಕಾಯಕದಿಂದ ಹದಗೊಂಡಿತ್ತು.

ಅಂದಿನಿಂದ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಇಬ್ಬರೂ ಕೂಡಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಕೇಳುವುದು ರೂಢಿಯಾಯಿತು. 1952ರಲ್ಲಿ ಆರಂಭವಾದ ಆ ಕಾರ್ಯಕ್ರಮವು ಉತ್ತರಾದಿ, ದಕ್ಷಿಣಾದಿಗಳನ್ನು ಒಂದೇ ಪೆಟ್ಟಿಗೆಯಿಂದ ದೇಶಕ್ಕೆಲ್ಲ ಕೇಳಿಸಿತು. ನಾನು ಭೂಪ್ ಎಂದರೆ ಅವರು ಮೋಹನ ಎನ್ನುವರು. ನಾನು ಮಾಲಕಂಸ ಎಂದರೆ ಅವರು ಹಿಂದೋಳ ಎನ್ನುವರು. ಕ್ರಮೇಣ ಅವರ ಗೆಳೆಯರು ಇನ್ನಿಬ್ಬರು ಬಂದರು. ಒಬ್ಬರು ಬಡಗಿ, ಒಬ್ಬರು ಪಂಪು ನಡೆಸುವವರು. ಚೈತ್ರಮಾಸದಲ್ಲಿ ನಾವು ನಾಲ್ವರೂ ಬೆಂಗಳೂರಿಗೆ ಹೋಗಿ, 1939ರಲ್ಲಿ ಆರಂಭವಾದ ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ಕಚೇರಿಗಳನ್ನು ಕೇಳಿ, ರಾತ್ರಿಯನ್ನು ರೈಲುನಿಲ್ದಾಣದಲ್ಲಿ ಕಳೆದು, ಬೆಳಗಿನ ಗಾಡಿಗೆ ಹಿಂತಿರುಗುತ್ತಿದ್ದೆವು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರು ಚದುರಿತು. ಬಡಗಿ ಹೊಸೂರಿಗೆ ಹೋದರು. ಪಂಪಿನವರು ಮಗಳ ಮನೆಯಿರುವ ವೆಲ್ಲೂರಿಗೆ. ನಮ್ಮ ಹಿರಿಯರು ಬೆಂಗಳೂರಿನ ಹೊರವಲಯದಲ್ಲಿ ಮಗನ ಬಾಡಿಗೆಮನೆ ಸೇರಿದರು. ಊರಿನಲ್ಲಿ ಉಳಿದ ಯುವಕರು ಕೂಲಿ ಅರಸಿ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರಾದರು. ಮುಂದೆ ಕೆಲವು ವರ್ಷ ಶನಿವಾರ ರಾತ್ರಿ ದೂರವಾಣಿ ಮೊಳಗುತ್ತಿತ್ತು. "ಕೇಳುತ್ತಿದ್ದೀರಾ ಸಾರ್?" ಅಷ್ಟೇ ಮಾತು. ಇಬ್ಬರ ಮನೆಯಲ್ಲಿಯೂ ಒಂದೇ ರಾಗ ನಡೆಯುತ್ತಿರುತ್ತಿತ್ತು. 2009ರಲ್ಲಿ ಆ ಕರೆ ನಿಂತಿತು. ಮಗ ಬಂದು ತಂದೆಯ ಹಳೆಯ ರೇಡಿಯೋವನ್ನು ನನಗೆ ಕೊಟ್ಟು ಹೋದ.

ಈಗ ಆ ಜಾತ್ರೆಯ ಹಿರಿಯರ ಪ್ರಶ್ನೆಗೆ ಬರೋಣ. ನಾದವನ್ನು ಬಲ್ಲವರು ಎಲ್ಲಿ ವಾಸಿಸುತ್ತಾರೆ? ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಮ್ಮ ಗಳಿಕೆಯನ್ನೆಲ್ಲ ತ್ಯಾಗರಾಜರ ಸಮಾಧಿಗೆ ಅರ್ಪಿಸಿ, ತಿರುವೈಯಾರನ್ನೇ ಊರಾಗಿಸಿಕೊಂಡು 1952ರಲ್ಲಿ ಕಣ್ಮುಚ್ಚಿದರು. ಬೆಳಗಾವಿ ಸೀಮೆಯ ಸುಳೇಭಾವಿಯ ಕುಮಾರ ಗಂಧರ್ವರಿಗೆ ದೂರದ ದೇವಾಸ ಊರಾಯಿತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ತ್ಯಾಗರಾಜರ ಆರಾಧನೆ ನಡೆದು ಬಂದಿದೆ. ಅಲ್ಲಿ ನೆರೆಯುವವರು ಯಾವ ಯಾವ ಊರು ಬಿಟ್ಟು ಹೋದವರೋ. ಇವರೆಲ್ಲರ ವಿಳಾಸ ನಮಗೆ ತಿಳಿದಿದೆ. ಆದರೆ ಗೋಡೆಯಾಚೆಯ ಮನೆಯ ವಿಳಾಸ ತಿಳಿಯಲು ನನಗೆ ಆರು ವರ್ಷ ಬೇಕಾಯಿತು.

ತನ್ನ ದೇಹವನ್ನೇ ವಾದ್ಯವನ್ನಾಗಿ ಮಾಡಿಕೊಳ್ಳೆಂದು ದೇವರನ್ನು ಬೇಡಿದವರು ಬಸವಣ್ಣನವರು. ಅವರ ವಚನಗಳನ್ನು ಹಾಡುವ ನಾವು, ಕೇಳುವವರ ಯೋಗ್ಯತೆಯನ್ನು ಮೊದಲೇ ಅಳೆದು ಆಹ್ವಾನ ಹಂಚಬಾರದು. ಆದ್ದರಿಂದ ಈ ಪತ್ರಿಕೆಯನ್ನೋದುವ ಸದ್ಭಕ್ತ ಕುಟುಂಬಗಳಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಾಗಲಿ ಮಠದಲ್ಲಾಗಲಿ ಸಂಗೀತಸೇವೆ ಏರ್ಪಡಿಸಿದಾಗ ನಿಮ್ಮ ಬೀದಿಯ ಒಂದು ಮನೆಯನ್ನೂ ದಾಟಿ ಹೋಗಬೇಡಿ. ಹಾಡು ಆರಂಭವಾಗುವ ಮುನ್ನ ಒಮ್ಮೆ ಚಪ್ಪರದ ಆಚೆ ಹೋಗಿ ನೋಡಿ. ನಿಂತವರಿದ್ದರೆ ಕೈಹಿಡಿದು ಕರೆತಂದು ಮುಂದೆ ಕೂಡಿಸಿ.

ನಾನು ಇಂದಿಗೂ ನಂದಿದುರ್ಗದಲ್ಲಿಯೇ ಇದ್ದೇನೆ. ಆ ರೇಡಿಯೋ ನನ್ನ ಪುಸ್ತಕಗಳ ಪಕ್ಕದಲ್ಲಿದೆ. ಪಕ್ಕದ ಮನೆಗೆ ಹೋದ ತಿಂಗಳು ಹೊಸಬರು ಬಂದಿದ್ದಾರೆ. ಯಜಮಾನರು ನಸುಕಿನ ಗಾಡಿಗೆ ಹೋಗಿ ರಾತ್ರಿ ಬರುವವರು. ಬರುವ ಭಾನುವಾರ ಅವರ ಮನೆಗೆ ಹೋಗಿ ಮಾತನಾಡಿಸಿ ಬರಬೇಕೆಂದಿದ್ದೇನೆ.