ಒಂದು ಕಾಯಿ, ಒಂದು ಲೋಟ

ಹೋದ ವಾರ ಅಪ್ಪ ತೋಟದಲ್ಲಿ ಸುಣ್ಣದ ಗುರುತು ಹಾಕಿ ಬಂದರು. ಕಡಿಯಬೇಕಾದ ಕೊಕ್ಕೋ ಮರಗಳಿಗೆ. ಎಂಬತ್ತರ ಹತ್ತಿರದ ಮನುಷ್ಯ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಸುಣ್ಣದ ಡಬ್ಬಿ. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಎಣಿಸಿದೆ, 64 ಮರ. ನಮ್ಮಲ್ಲಿ ಇರುವುದೇ ಅಷ್ಟು.

ಅವರ ಲೆಕ್ಕ ತಪ್ಪು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಅರ್ಧ ಕಾಯಿ ಅಳಿಲು, ಮಂಗಕ್ಕೆ. ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಕೊಳೆಯುತ್ತದೆ. ವರ್ಷ ವರ್ಷ ಗೆಲ್ಲು ಸವರದಿದ್ದರೆ ತೋಟದೊಳಗೆ ಹಗಲೇ ಕತ್ತಲೆ, ಸೊಳ್ಳೆ ಬೇರೆ. ಸವರ್ಲಿಕ್ಕೆ ಜನ ಎಲ್ಲಿ? 2024ರ ಬೇಸಗೆಯಲ್ಲಿ ಹಸಿ ಬೀಜ ಕಿಲೋಗೆ ಮುನ್ನೂರರ ಹತ್ತಿರ ಹೋದಾಗ ನಾವೆಲ್ಲ ಕುಣಿದದ್ದು ಹೌದು. ಐವರಿ ಕೋಸ್ಟ್, ಘಾನಾದಲ್ಲಿ ಬೆಳೆ ಹೋಗಿತ್ತು, ಲೋಕದ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತ್ತು. ಆಮೇಲೆ ಅದು ಇಳಿದ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ. ಅಪ್ಪ ಏರಿದಾಗಲೂ ನಗಲಿಲ್ಲ, ಇಳಿದಾಗಲೂ ಬೇಸರ ಮಾಡಲಿಲ್ಲ. "ಇದರ ಗುಣ ನನಗೆ ಗೊತ್ತುಂಟು" ಅಂತ ಒಂದೇ ಮಾತು.

ಗೊತ್ತುಂಟು ಅಂದರೆ 1980ರ ಸುತ್ತಿನ ಸಂಗತಿ. ನಾನಾಗ ಏಳೆಂಟು ವರ್ಷದ ಹುಡುಗ. ಕೊಕ್ಕೋ ಹಾಕಿ ಹಾಕಿ ಅಂತ ಊರೆಲ್ಲ ಹಾಕಿಸಿದ್ದರು, ಬೆಳೆ ಕೈಗೆ ಬರುವ ಹೊತ್ತಿಗೆ ಕೊಳ್ಳುವವರು ಕೈ ಬಿಟ್ಟರು. ಅಪ್ಪ ಮತ್ತು ಚಿಕ್ಕಪ್ಪ ಒಂದೊಂದು ಗೋಣಿ ಹಸಿ ಬೀಜ ತಲೆ ಮೇಲೆ ಹೊತ್ತು ಖರೀದಿ ಜಾಗಕ್ಕೆ ಹೋದವರು ಅದೇ ಗೋಣಿ ಹೊತ್ತು ವಾಪಸು ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಸೀದಾ ಗೊಬ್ಬರದ ಗುಂಡಿಗೆ ಸುರಿದರು. ಒಂದು ವಾರ ಆ ಕಡೆ ಹೋಗ್ಲಿಕ್ಕೆ ಆಗದ ಹಾಗೆ ಹುಳಿ ವಾಸನೆ. ಮರುದಿನವೇ ಕತ್ತಿ ಹಿಡಿದು ಮರ ಕಡಿದರು. ಆಮೇಲೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿಗೆ ಚಾಕಲೇಟ್ ಕಾರ್ಖಾನೆಯೂ ಬಂತು. ಕಡಿದ ಬುಡಗಳು ಚಿಗುರಿಕೊಂಡೇ ಇದ್ದವು. ಈಗ ಇರುವ ಹಳೇ ಮರಗಳೆಲ್ಲ ಆ ಚಿಗುರಿನವೇ.

ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ನಮ್ಮ ಕೊಕ್ಕೋದ ರುಚಿ ನೋಡಿದವರಲ್ಲ. ಮಕ್ಕಳು ಬೀಜದ ಮೇಲಿನ ಬಿಳಿ ಲೋಳೆ ಚೀಪುವುದುಂಟು, ಅದು ಬೇರೆ. ಒಡೆದದ್ದು, ಗೋಣಿಗೆ ತುಂಬಿದ್ದು, ತೂಗಿಸಿದ್ದು, ಮುಗಿಯಿತು. ಹೋದ ವರ್ಷ ಬೆಂಗಳೂರಲ್ಲಿ ಓದುವ ಮಗಳು ಒಂದು ಫೋಟೋ ಕಳಿಸಿದಳು. ಲೋಟದಲ್ಲಿ ದಪ್ಪಗೆ, ಕಂದು ಬಣ್ಣದ್ದು ಎಂಥದೋ. ಹಾಟ್ ಚಾಕಲೇಟ್ ಅಂತೆ, 280 ರೂಪಾಯಿ ಅಂತೆ. "ಅಪ್ಪ, ಇದು ನಮ್ಮ ತೋಟದ್ದೂ ಇರಬಹುದಾ?" ಅಂತ ಕೇಳಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ, ಸ್ವಲ್ಪ ನಾಚಿಕೆಯೂ ಆಯಿತು.

ಮಾಡಿಯೇ ನೋಡುವ ಅಂತ ಜೂನಿನಲ್ಲಿ ಹೊರಟೆ. ಮೊದಲ ಸಲ ಪೂರಾ ಹಾಳು ಮಾಡಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಮೂರು ಕಿಲೋ ಹಸಿ ಬೀಜವನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಹಾಕಿ ಮುಚ್ಚಿಟ್ಟೆ. ರಸ ಇಳಿದು ಹೋಗ್ಲಿಕ್ಕೆ ದಾರಿಯಿಲ್ಲ, ಗಾಳಿ ಬರ್ಲಿಕ್ಕೂ ದಾರಿಯಿಲ್ಲ. ಬಿಸಿಯೇ ಏರಲಿಲ್ಲ, ಕೊಳೆಯಿತು. ಮಳೆ ಬಿಡಲಿಲ್ಲ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ, ಹೊಗೆ ಹಿಡಿಯಿತು. ಬೀಜ ಕತ್ತರಿಸಿ ನೋಡಿದರೆ ಒಳಗೆ ನೇರಳೆ ಬಣ್ಣ. ಅದರಲ್ಲಿ ಮಾಡಿದ ಪಾನೀಯ ಕುಡಿದು ನನ್ನ ಹೆಂಡತಿ, "ಇದಕ್ಕಿಂತ ಕಿರಾತಕಡ್ಡಿ ಕಷಾಯ ಅಡ್ಡಿಯಿಲ್ಲ" ಅಂದಳು.

ಡಿಸೆಂಬರಿನಲ್ಲಿ ಎರಡನೇ ಸಲ. ಈ ಸಲ 10 ಕಿಲೋ, ಒಂದೇ ದಿನ ಕೊಯ್ದ ಹಣ್ಣುಕಾಯಿ ಮಾತ್ರ, ಕಪ್ಪಾದದ್ದು, ಅಳಿಲು ತೂತು ಮಾಡಿದ್ದು ಒಂದೂ ಇಲ್ಲ. ಬಿದಿರಿನ ಬುಟ್ಟಿಗೆ ಬಾಳೆಲೆ ಹಾಸಿ, ಎಲೆಗೆ ಅಲ್ಲಲ್ಲಿ ತೂತು ಮಾಡಿ, ಬೀಜ ತುಂಬಿಸಿ, ಮೇಲೆ ಎಲೆ ಮುಚ್ಚಿ ಗೋಣಿ ಹೊದೆಸಿದೆ. ಬುಟ್ಟಿಯನ್ನು ಎರಡು ಕಲ್ಲಿನ ಮೇಲೆ ಇಟ್ಟದ್ದು, ರಸ ಕೆಳಗೆ ಇಳಿಯಲಿ ಅಂತ. ಎರಡನೇ ದಿನ ಕಳ್ಳಿನ ವಾಸನೆ. ಗೋಣಿ ತೆಗೆದು ಕೈ ಹಾಕಿದರೆ ಬೆಚ್ಚಗೆ. ಮಗುಚಿ ಹಾಕಿದೆ. ಮೂರನೇ ದಿನಕ್ಕೆ ಕಳ್ಳು ಹೋಗಿ ವಿನೆಗರ್ ವಾಸನೆ, ಕೈ ಇಟ್ಟುಕೊಳ್ಳಲಿಕ್ಕೆ ಆಗದಷ್ಟು ಬಿಸಿ. ಜ್ವರ ನೋಡುವ ಥರ್ಮಾಮೀಟರ್ ಚುಚ್ಚಿದೆ, 42ಕ್ಕೆ ಹೋಗಿ ನಿಂತಿತು, ಅದರ ಮೇಲೆ ಅದಕ್ಕೆ ಲೆಕ್ಕ ಇಲ್ಲವಲ್ಲ. 45ರಿಂದ 50 ಡಿಗ್ರಿ ಆಗಬೇಕು. ಆ ಬಿಸಿ ಮತ್ತು ಹುಳಿ ಸೇರಿಯೇ ಬೀಜದ ಮೊಳಕೆ ಸಾಯುವುದು, ಕಹಿ ಇಳಿಯುವುದು, ಚಾಕಲೇಟಿನ ಪರಿಮಳಕ್ಕೆ ಬೇಕಾದ್ದು ಒಳಗೆ ತಯಾರಾಗುವುದು. ಇದು ಸರಿ ಆಗದಿದ್ದರೆ ಆಮೇಲೆ ಎಷ್ಟು ಹುರಿದರೂ ಎಷ್ಟು ಸಕ್ಕರೆ ಹಾಕಿದರೂ ಪ್ರಯೋಜನ ಇಲ್ಲ. ನಾಲ್ಕನೇ ದಿನ ಇನ್ನೊಮ್ಮೆ ಮಗುಚಿದೆ, ಆರನೇ ದಿನ ಅಂಗಳಕ್ಕೆ.

ಅಂಗಳದಲ್ಲಿ ಅಡಿಕೆ ಪಕ್ಕದಲ್ಲೇ ಒಂದು ಚಾಪೆ. ಏಳು ದಿನ ಬಿಸಿಲು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಚರ್ ಅಂತ ಸದ್ದು ಬರಬೇಕು. ಕತ್ತರಿಸಿ ನೋಡಿದೆ, ಒಳಗೆ ಕಂದು, ಮಿದುಳಿನ ಹಾಗೆ ಬಿರುಕು ಬಿರುಕು. 10 ಕಿಲೋ ಹಸಿಗೆ 3 ಕಿಲೋ 400 ಗ್ರಾಂ ಒಣ ಬೀಜ ಸಿಕ್ಕಿತು.

ಹುರಿಯುವುದಕ್ಕೆ ನಮ್ಮ ಹಳೇ ಕಬ್ಬಿಣದ ಬಾಣಲೆ. ಅರ್ಧ ಅರ್ಧ ಕಿಲೋ, ಸಣ್ಣ ಉರಿ, ಇಪ್ಪತ್ತೈದು ನಿಮಿಷ ಕೈ ಬಿಡದೆ ಮಗುಚಬೇಕು. ಮೊದಲು ಹುಳಿ ಹೊಗೆ ಏಳುತ್ತದೆ, ಹೆದರಬೇಡಿ. ಆಮೇಲೆ ಬೀಜ ಚಟ್ ಚಟ್ ಅನ್ನುತ್ತದೆ, ಆಗ ಬರುತ್ತದೆ ನೋಡಿ ಪರಿಮಳ! ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಒಮ್ಮೆ ತಲೆ ಎತ್ತಿ ಒಳಗೆ ನೋಡಿ ಮತ್ತೆ ಪೇಪರಿಗೆ ಹೋದರು. ತಣಿದ ಮೇಲೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ, ಗೆರಸೆಯಲ್ಲಿ ಕೇರಿದರೆ ಹಾರುತ್ತದೆ. ಸಿಪ್ಪೆಯನ್ನು ನಾಯಿ ತಿನ್ನದ ಜಾಗದಲ್ಲಿ ಹಾಕಿ. ಕೊಕ್ಕೋ ನಾಯಿಗೆ ವಿಷ, ಸಿಪ್ಪೆಯೂ ಸೇರಿ.

ಇನ್ನು ಅರೆಯುವುದು. ಮಿಕ್ಸಿಯಲ್ಲಿ ಮೊದಲು ಪುಡಿ ಆಗುತ್ತದೆ, ಆಮೇಲೆ ಗೋಡೆಗೆ ಅಂಟುತ್ತದೆ, ಕೆರೆದು ಕೆರೆದು ಮತ್ತೆ ತಿರುಗಿಸಿದರೆ ಇದ್ದಕ್ಕಿದ್ದಂತೆ ಎಣ್ಣೆ ಬಿಟ್ಟು ಪಾಕದ ಹಾಗೆ ಹರಿಯುತ್ತದೆ. ಬೀಜದ ಅರ್ಧದಷ್ಟು ಬೆಣ್ಣೆಯೇ ತಾನೆ. ಒಂದೇ ಸಮನೆ ಓಡಿಸಬೇಡಿ, ಮೋಟರ್ ಹೋಗುತ್ತದೆ. ನಮ್ಮದು ಹೋಗಲಿಲ್ಲ, ಆದರೆ ಹೆಂಡತಿ ಮೂರು ದಿನ ಮಾತಾಡಲಿಲ್ಲ. ಜಾರಿನಲ್ಲಿ ಒಂದು ಹನಿ ನೀರೂ ಇರಬಾರದು, ಇದ್ದರೆ ಗಟ್ಟಿ ಮುದ್ದೆ ಆಗುತ್ತದೆ, ಇಟ್ಟರೆ ಬೂಸ್ಟು ಬರುತ್ತದೆ. ಪಾಕವನ್ನು ತಟ್ಟೆಗೆ ಸುರಿದೆ, ಬೆಳಗ್ಗೆಗೆ ಗಟ್ಟಿ.

ಅಂಗಡಿ ಪುಡಿಗೂ ಇದಕ್ಕೂ ವ್ಯತ್ಯಾಸ ಇಲ್ಲೇ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಎಂಬವರು ಬೀಜದಿಂದ ಬೆಣ್ಣೆ ಹಿಂಡಿ ತೆಗೆಯುವ ಯಂತ್ರದ ಕ್ರಮ ತಂದರು. ಉಳಿದ ಹಿಂಡಿಯೇ ಕೊಕ್ಕೋ ಪುಡಿ. ನಮ್ಮದರಲ್ಲಿ ಬೆಣ್ಣೆ ಹಾಗೇ ಉಂಟು, ಅದಕ್ಕೇ ಆ ದಪ್ಪ.

ಒಂದು ಲೋಟಕ್ಕೆ ನನ್ನ ಅಳತೆ: 25 ಗ್ರಾಂ ತುಂಡು, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಕಾಲು ಲೋಟ ನೀರು, ಮುಕ್ಕಾಲು ಲೋಟ ಹಾಲು. ಮೊದಲು ನೀರಿನಲ್ಲಿ ತುಂಡು, ಸಕ್ಕರೆ ಕರಗಿಸಿ ಕುದಿಸಬೇಕು, ಗಂಟು ಹೋದ ಮೇಲೆ ಹಾಲು. ಬೆಲ್ಲ ಆದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಹಾಲು ಒಡೆಯಬಹುದು. ನನ್ನದರಲ್ಲಿ ಬೆಣ್ಣೆ ಮೇಲೆ ತೇಲುತ್ತಿತ್ತು, ಕುಡಿದರೆ ತುಟಿಗೆ ಜಿಡ್ಡು. ಅಮ್ಮ ನೋಡಿದರು. ಅರ್ಧ ಚಮಚ ಅಕ್ಕಿಹಿಟ್ಟು ತಣ್ಣೀರಲ್ಲಿ ಕದಡಿ ಹಾಕಿ, ಎರಡು ಕುದಿ ಬರಿಸಿ, ಮಜ್ಜಿಗೆ ಕಡೆಯುವ ಕಡಗೋಲು ತಂದು ಅಂಗೈಯಲ್ಲಿ ತಿರುವಿದರು. ಜಿಡ್ಡು ಮಾಯ, ಮೇಲೆ ನೊರೆ. ತಮಾಷೆ ಎಂತ ಅಂದರೆ ಈ ಗಿಡದ ಜೊತೆ ಸಾವಿರಾರು ವರ್ಷದಿಂದ ಇರುವ ಮೆಕ್ಸಿಕೊದವರೂ ಹೀಗೇ ಮಾಡುವುದು. ಅಲ್ಲಿ ಮೆಕ್ಕೆಜೋಳದ ಹಿಟ್ಟು ಹಾಕುತ್ತಾರೆ, ಕಡೆಯಲಿಕ್ಕೆ ಮೊಲಿನಿಯೊ ಅಂತ ಮರದ ಕಡಗೋಲು. ಅಮ್ಮನಿಗೆ ಹೇಳಿದೆ. "ಮತ್ತೆ ಬೇರೆ ಹೇಗೆ ಮಾಡುವುದು?" ಅಂದರು.

ಅಪ್ಪನಿಗೆ ಸುಣ್ಣ ಹಾಕಿದ ದಿನ ಸಾಯಂಕಾಲ ಕೊಟ್ಟೆ. "ಎಂತದು ಇದು?" "ಕುಡಿದು ನೋಡಿ ಅಪ್ಪ." ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದರು. ಇನ್ನೊಂದು ಕುಡಿದರು. ಎಂತದೂ ಹೇಳಲಿಲ್ಲ. ಲೋಟ ಖಾಲಿಯಾದ ಮೇಲೆ ಕೇಳಿದರು, "ಇದು ಎಷ್ಟು ಬೀಜದ್ದು?"

ಲೆಕ್ಕ ಹಾಕಿದೆ. 25 ಗ್ರಾಂ ತುಂಡಿಗೆ ಹಸಿ ಬೀಜ ಸುಮಾರು 95 ಗ್ರಾಂ ಬೇಕು. "ಒಂದು ಕಾಯಿದು" ಅಂದೆ.

ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಗುಂಡಿಗೆ ಹಾಕಿದ್ದು ಎರಡು ಗೋಣಿ. ಎಂಬತ್ತು ಕಿಲೋ ಇದ್ದೀತು" ಅಂದರು. ಎಷ್ಟು ಲೋಟ ಅಂತ ಅವರು ಕೇಳಲಿಲ್ಲ. ಎಂಟುನೂರಕ್ಕೂ ಮೇಲೆ ಅಂತ ನಾನೂ ಹೇಳಲಿಲ್ಲ.

ಮೂರು ದಿನ ಬಿಟ್ಟು ತೋಟಕ್ಕೆ ಹೋದಾಗ ನೋಡಿದೆ, ತೋಡಿನ ಬದಿಯ ಸಾಲಿನಲ್ಲಿ 18 ಮರಗಳ ಸುಣ್ಣ ಉಜ್ಜಿ ತೆಗೆದಿದ್ದಾರೆ. ಒದ್ದೆ ತೆಂಗಿನ ಸಿಪ್ಪೆ ಅಲ್ಲೇ ಬಿದ್ದಿತ್ತು. ಮನೆಯಲ್ಲಿ ಆ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಉಳಿದ 46 ಮರಕ್ಕೆ ಮುಂದಿನ ವಾರ ಜನ ಬರುತ್ತಾರೆ.

ಇದರಲ್ಲಿ ಲಾಭ ಉಂಟಾ ಅಂತ ಕೇಳಬೇಡಿ. ಗ್ಯಾಸು, ಕರೆಂಟು, ನನ್ನ ದಿನಗಳನ್ನು ಲೆಕ್ಕ ಹಾಕಿದರೆ ಇಲ್ಲ. ಬೀಜ ಕೊಡುವುದು ನಾನು ಮೊದಲಿನ ಹಾಗೇ ಹಸಿಯಾಗಿಯೇ. ಮನೆ ಖರ್ಚಿಗೆ ಮಾತ್ರ ಇದು.

ಒಂದು ವಿಷಯ ಉಂಟು. ಎರಡು ಮೂರು ಕಿಲೋದಲ್ಲಿ ಬಿಸಿ ಏರಿಸುವುದು ಕಷ್ಟ, ನನಗೆ ಆದದ್ದೇ ನಿಮಗೂ ಆದೀತು. ಬರುವ ಸೋಮವಾರ ಕೊಯ್ಯುತ್ತಿದ್ದೇನೆ. ಹತ್ತಿರದವರು ನಿಮ್ಮ ತೋಟದ್ದನ್ನೂ ಅದೇ ದಿನ ಕೊಯ್ದು, ಒಡೆದು, ಸಂಜೆಯೊಳಗೆ ತಂದರೆ ಎಲ್ಲ ಒಂದೇ ಬುಟ್ಟಿಗೆ ಹಾಕುವ, ಒಣಗಿದ ಮೇಲೆ ತೂಕ ಮಾಡಿ ಹಂಚಿಕೊಳ್ಳುವ. ಕಪ್ಪು ಕಾಯಿದು ತರಬೇಡಿ. ಮಿಕ್ಸಿ ಮಾತ್ರ ನಿಮ್ಮ ನಿಮ್ಮ ಮನೆಯದ್ದು.