ಕ್ಯಾಲೆಂಡರ್ ಹಿಂದಿನ ಲೆಕ್ಕ

"ಅವ್ವ, ಇನ್ನೂ ಚಾನ್ಸ್ ಉಟ್ಟು."

2022ರ ಡಿಸೆಂಬರ್ ಕೊನೇಲಿ ನಮ್ಮನೇಲಿ ದಿನಕ್ಕೆ ಹತ್ತು ಸಲ ಕೇಳ್ತಿದ್ದ ಮಾತಿದು. ಹೇಳ್ತಿದ್ದವನು ಮಗ. ಆಗ ಅವನು ಎರಡನೇ ಪಿಯುಸಿ, ಸೈನ್ಸು. ಚಾನ್ಸ್ ಇದ್ದದ್ದು ಅವನಿಗಲ್ಲ, ಬೆಂಗಳೂರು ಎಫ್‌ಸಿಗೆ.

ನಮ್ಮದು ಹಾಕಿ ಊರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದ ಮೇಲೆ, ಬೇಸಿಗೆ ಬಂತು ಅಂದ್ರೆ ನಾವು ಗೌಡರ ಮನೆಯವರೂ ಬುತ್ತಿ ಕಟ್ಟಿಕೊಂಡು ನೋಡೋಕೆ ಹೋಗ್ತೇವೆ. ಹಂಗಿರುವಾಗ ಈ ಹುಡುಗನಿಗೆ ಫುಟ್‌ಬಾಲ್ ಹುಚ್ಚು ಎಲ್ಲಿಂದ ಹತ್ತಿತೋ! ನಮ್ಮ ಮನೆಯವರು ಜಂಕ್ಷನ್ ಅಂಗಡಿಯ ಕಾಕನ ಮೇಲೆ ಹಾಕ್ತಾರೆ. ಕಾಕ ಮಾಕುಟ್ಟದಾಚೆ ಇರಿಟ್ಟಿ ಕಡೆಯವರು, ಕೇರಳ ಬ್ಲಾಸ್ಟರ್ಸ್ ಅಂದ್ರೆ ಪ್ರಾಣ. ಅಂಗಡಿ ಮುಂದೆ ಹಳದಿ ಬಾವುಟ. ಅವರ ಜೊತೆ ವಾದ ಮಾಡೋಕೇ ಇವನು ಬೆಂಗಳೂರಿನ ನೀಲಿ ಹಿಡಿದದ್ದು.

ಆ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರು ಡ್ಯುರಾಂಡ್ ಕಪ್ ಗೆದ್ದಿತ್ತು. ಅಕ್ಟೋಬರಿನಲ್ಲಿ ಐಎಸ್‌ಎಲ್ ಶುರುವಾಗಿ ಮೊದಲನೇ ಮ್ಯಾಚೂ ಗೆದ್ದರು. ಆಮೇಲೆ ಎಂತ ಆಯ್ತೋ, ಒಂದು ಡ್ರಾ, ಹಿಂದೆಯೇ ಸಾಲಾಗಿ ನಾಲ್ಕು ಸೋಲು. ಮುಂಬೈ ಕೈಲಿ 4-0. ಡಿಸೆಂಬರ್ 11ಕ್ಕೆ ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ ಕೈಲಿ 3-2. ಆ ವಾರ ಮಾಂಡೌಸ್ ಚಂಡಮಾರುತದ ಮೋಡ ನಮ್ಮ ಮೇಲೂ ಕವಿದಿತ್ತು. ಕುಯ್ದ ಅರೇಬಿಕಾ ಕಣದಲ್ಲಿತ್ತು. ಹರಡೋದು, ರಾಶಿ ಮಾಡೋದು, ಟಾರ್ಪಾಲು ಮುಚ್ಚೋದು, ಇದೇ ಕೆಲಸ. ಅದೇ ವಾರ ಮಗನ ಟೆಸ್ಟಿನ ಅಂಕವೂ ಬಂತು. ಭೌತಶಾಸ್ತ್ರದಲ್ಲಿ 70ಕ್ಕೆ 14. ಗಣಿತದಲ್ಲಿ 100ಕ್ಕೆ 19.

ಇವರು ಏನೂ ಬೈಯಲಿಲ್ಲ. ಟಿವಿಯ ರಿಮೋಟ್ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನೂ ಸುಮ್ಮನಿದ್ದೆ. ಬೀಗ ಹಾಕಿದ್ದು ಸರಿ ಅಂತಲೇ ನನಗೂ ಅನಿಸಿತ್ತು.

ಡಿಸೆಂಬರ್ 30ಕ್ಕೆ ಈಸ್ಟ್ ಬೆಂಗಾಲ್ ಕೈಲಿ ಮತ್ತೆ ಸೋತರು. 12 ಮ್ಯಾಚ್, 3 ಗೆಲುವು, 1 ಡ್ರಾ, 8 ಸೋಲು. ಒಟ್ಟು 10 ಅಂಕ. ಮಗ ಅದನ್ನು ನೋಡಿದ್ದು ಕಾಕನ ಅಂಗಡಿಯಲ್ಲಿ, ಕಾಕನ ಫೋನಿನಲ್ಲಿ. ಮನೆಗೆ ಬಂದವನೇ ಮುಗಿಯುತ್ತಿದ್ದ ಕ್ಯಾಲೆಂಡರಿನ ಡಿಸೆಂಬರ್ ಹಾಳೆ ಹರಿದು, ಹಿಂದಿನ ಬಿಳಿ ಮಗ್ಗುಲಲ್ಲಿ ಲೆಕ್ಕ ಬರೀತಾ ಕೂತ.

"ಎಂಟ್ ಸೋತವುಕೆ ಎಂತ ಫೈನಲ್?" ಅಂದರು ಇವರು. "ಹಾಕಿಲಿ ಒಂದ್ ಸೋತರೆ ಮನೆಗೆ!"

"ಇದು ಹಾಕಿ ಅಲ್ಲಪ್ಪ, ಲೀಗ್" ಅಂದ ಮಗ. ಆ ವರ್ಷದಿಂದ ಹೊಸ ನಿಯಮ ಬಂದಿತ್ತು. ಹನ್ನೊಂದು ತಂಡ, ಒಂದೊಂದಕ್ಕೂ 20 ಮ್ಯಾಚ್. ಮೊದಲು ನಾಲ್ಕೇ ತಂಡ ಮುಂದೆ ಹೋಗ್ತಿದ್ದದ್ದು, ಈಗ ಆರು. ಮೊದಲೆರಡು ನೇರ ಸೆಮಿಫೈನಲಿಗೆ, ಉಳಿದ ನಾಲ್ಕು ಒಂದೊಂದು ಪಂದ್ಯ ಆಡಿ ಗೆದ್ದರೆ ಸೆಮಿಗೆ. ಆರನೇ ಸ್ಥಾನಕ್ಕೆ 28 ಸಾಕು, ಉಳಿದ ಎಂಟರಲ್ಲಿ ಆರು ಗೆದ್ದರೆ ಆಯ್ತು ಅಂತ ಇವನ ಲೆಕ್ಕ. ಗೋವಾ ಯಾರ ಕೈಲಿ ಸೋಲಬೇಕು, ಒಡಿಶಾ ಎಲ್ಲಿ ಡ್ರಾ ಮಾಡಬೇಕು, ಎಲ್ಲಾ ಬರೆದಿದ್ದ.

ಅತ್ತೆ ಕನ್ನಡಕ ಹಾಕಿ ನೋಡಿ, "ಇದ್‌ಲಿ ಬೇರೆಯವು ಸೋಲೋದೇ ಜಾಸ್ತಿ ಉಟ್ಟಲ್ಲ ಮಗ" ಅಂದರು. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ.

ಜನವರಿ ಮೊದಲ ವಾರ, ರಾತ್ರಿ ಪಾತ್ರೆ ತೊಳೀತಿದ್ದೆ. ಹಿಂದೆ ಬಂದು ನಿಂತ. "ಅವ್ವ, ನಾ ಪರೀಕ್ಷೆ ಬರೆಯಲ್ಲೆ. ಬರ್ದರೂ ಆಗದ್. ತೋಟಲೇ ಇರ್ತೆ, ಅಪ್ಪಂಗೆ ನೀನೇ ಹೇಳ್."

ಕೈಲಿದ್ದ ಪಾತ್ರೆ ಹಂಗೇ ಉಳಿಯಿತು. ತೋಟದ ಕೆಲಸ ಕೀಳು ಅಂತಲ್ಲ, ನಾವು ಉಣ್ಣೋದು ಅದರಲ್ಲೇ. ಆದರೆ ಹದಿನೇಳು ವರ್ಷದ ಹುಡುಗ ಸೋತು ತೋಟಕ್ಕೆ ಬರೋದು ಬೇರೆ, ಬೇಕು ಅಂತ ಬರೋದು ಬೇರೆ. ಎಂತ ಹೇಳೋದು ಅಂತ ಗೊತ್ತಾಗದೆ, ಬಾಗಿಲ ಹಿಂದೆ ಅವನೇ ನೇತು ಹಾಕಿದ್ದ ಆ ಕ್ಯಾಲೆಂಡರ್ ಹಾಳೆ ತಂದು ಮೇಜಿನ ಮೇಲಿಟ್ಟೆ.

"ಅವರದ್ದು ಬರ್ದಿಯಲ್ಲ, ನಿಂದ್ ಎಲ್ಲಿ ಉಟ್ಟು?"

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಪೆನ್ನು ತಗೊಂಡ. ಭೌತಶಾಸ್ತ್ರದ ಥಿಯರಿಗೆ ಪಾಸಾಗಲು 21 ಬೇಕು, ಇರೋದು 14. ಅಂದ್ರೆ ಇನ್ನು 7. ಪ್ರಾಕ್ಟಿಕಲ್‌ನ 30 ಬೇರೆ, ಅದಕ್ಕೆ ಹೆದರಿಕೆ ಇಲ್ಲ. ಗಣಿತಕ್ಕೆ 35, ಇನ್ನು 16. ಬರೆದು ನೋಡಿದರೆ ಅಷ್ಟೇ. ತಲೇಲಿ ಇಟ್ಟುಕೊಂಡಾಗ ಗುಡ್ಡದಷ್ಟಿತ್ತು. ಈ ಲೆಕ್ಕದಲ್ಲಿ ಒಂದು ಒಳ್ಳೇದು ಅಂದ್ರೆ ಬೇರೆಯವರು ಸೋಲಬೇಕಾಗಿರಲಿಲ್ಲ.

ಮಾರನೇ ದಿನ ನಾನೇ ಬೀಗ ತೆಗೆದೆ. ಮ್ಯಾಚಿನ ದಿನ ಎರಡು ಗಂಟೆ ಟಿವಿ, ಉಳಿದ ದಿನ ಓದು ಅಂತ ಒಪ್ಪಂದ. ಇವರು ನನ್ನನ್ನೊಮ್ಮೆ ನೋಡಿದರು, ಏನೂ ಹೇಳಲಿಲ್ಲ.

ಆಮೇಲೆ ನಡೆದದ್ದು ನಿಮಗೂ ಗೊತ್ತಿರಬಹುದು. ಜನವರಿ 6ಕ್ಕೆ ನಾರ್ತ್ ಈಸ್ಟ್ ಮೇಲೆ 2-1. ಒಡಿಶಾ, ಜಮ್ಶೆಡ್‌ಪುರ, ಚೆನ್ನೈ, ಮೋಹನ್ ಬಾಗಾನ್. ಫೆಬ್ರವರಿ 11ಕ್ಕೆ ಕಂಠೀರವದಲ್ಲಿ ರಾಯ್ ಕೃಷ್ಣ ಹೊಡೆದ ಒಂದೇ ಗೋಲಿಗೆ ಬ್ಲಾಸ್ಟರ್ಸ್. ಆಮೇಲೆ ಮುಂಬೈ, ಗೋವಾ. ಎಂಟಕ್ಕೆ ಎಂಟೂ! 34 ಅಂಕ, ನಾಲ್ಕನೇ ಸ್ಥಾನ. ಮಜಾ ಅಂದ್ರೆ, ಕೊನೆಗೆ ಆರನೇ ಸ್ಥಾನದ ಒಡಿಶಾಕ್ಕೆ ಬಂದದ್ದು 30. ಮಗನ ಲೆಕ್ಕದ 28 ಸಾಕಾಗ್ತಿರಲಿಲ್ಲ. ಲೆಕ್ಕ ನಂಬಿ ಆರಕ್ಕೇ ನಿಲ್ಲಿಸಿದ್ದರೆ ಮನೆಗೇ ಹೋಗ್ತಿದ್ದರು. "ನೀನೂ 35ಕ್ಕೆ ಓದಬೇಡ" ಅಂದೆ. ಕೇಳಿಸಿಕೊಂಡನೋ ಇಲ್ಲವೋ.

ಮಾರ್ಚ್ 3ಕ್ಕೆ ಮತ್ತೆ ಅದೇ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಚೆಟ್ರಿ, ಎದುರಿನವರು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಬ್ಲಾಸ್ಟರ್ಸ್ ಮೈದಾನ ಬಿಟ್ಟೇ ಹೋದರು. ಮಗ ನಿಯಮ ಹುಡುಕಿ ಓದಿದ, ಸೀಟಿಗೆ ಕಾಯಿ ಅಂತ ರೆಫ್ರಿ ಹೇಳದಿದ್ದರೆ ತಕ್ಷಣ ಹೊಡೆಯಬಹುದಂತೆ. ಕಾಕ ಮೂರು ದಿನ ಇವನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ನಾನು ಸಕ್ಕರೆಗೆ ಹೋದಾಗ, "ಅಕ್ಕಾ, ಹುಡುಗ ಓದ್ತಾ ಇದ್ದಾನಾ?" ಅಂತ ಅವರೇ ಕೇಳಿದರು.

ಸೆಮಿಯಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ಕ್ಕೆ ದಾಟಿದರು. ಮಾರ್ಚ್ 18, ಶನಿವಾರ, ಗೋವಾದಲ್ಲಿ ಫೈನಲ್. ಮಗನಿಗೆ ಪರೀಕ್ಷೆ ನಡೀತಿತ್ತು. ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್ ಹಾಕಿಯೂ ಆ ತಿಂಗಳೇ. ಆದರೂ ಇವರು ಟಿವಿ ಮುಂದೆ ಕೂತರು. ಮೋಹನ್ ಬಾಗಾನ್ ಜೊತೆ 2-2, ಮತ್ತೆ ಪೆನಾಲ್ಟಿ. ಈ ಸಲ 4-3ಕ್ಕೆ ಸೋತರು.

ಅತ್ತೆ ಒಳಗಿನಿಂದ, "ನಿನ್ನವು ಗೆದ್ದೊನಾ?" ಅಂದರು. ಮಗ ಉತ್ತರ ಕೊಡಲಿಲ್ಲ. ಇವರೇ, "ಇಲ್ಲೆ ಅವ್ವ, ಆದರೆ ಇಲ್ಲಿಗಂಟ ಬಂದೊ" ಅಂದರು. ಹಾಕಿ ಬಿಟ್ಟು ಬೇರೆ ಆಟದ ಬಗ್ಗೆ ಅವರು ಒಳ್ಳೆ ಮಾತಾಡಿದ್ದು ಅದೇ ಮೊದಲು.

ಏಪ್ರಿಲಿನಲ್ಲಿ ರಿಸಲ್ಟ್. ಭೌತಶಾಸ್ತ್ರ ಪಾಸು. ಗಣಿತದಲ್ಲಿ 31, ನಾಲ್ಕು ಅಂಕ ಕಮ್ಮಿ. ನನಗೆ ಅಳು ಬಂತು. ಮಗ ಹೊಸ ಕ್ಯಾಲೆಂಡರಿನ ಮಾರ್ಚ್ ಹಾಳೆ ಹರಿದು ಹಿಂದೆ ಬರೆದ: 'ಇನ್ನು 4'. ಪೂರಕ ಪರೀಕ್ಷೆಯಲ್ಲಿ 47 ಬಂತು. ಆಗ ಕಾಕನ ಮನೆಗೆ ಪಾಯಸ ಕೊಟ್ಟು ಬಂದವರು ಇವರೇ.

ಈಗ ಅವನು ಮೈಸೂರಿನಲ್ಲಿ ಓದ್ತಿದ್ದಾನೆ. ಬೆಂಗಳೂರು ಅದರ ಮುಂದಿನ ಸೀಸನ್ನಿನಲ್ಲಿ ಹನ್ನೆರಡರಲ್ಲಿ ಹತ್ತನೆಯದಾಯಿತು. 2025ರ ಏಪ್ರಿಲಿನಲ್ಲಿ ಮತ್ತೆ ಫೈನಲ್, ಮತ್ತೆ ಅದೇ ಮೋಹನ್ ಬಾಗಾನ್, 2-1. ಮ್ಯಾಚ್ ಮುಗಿದದ್ದೇ ಫೋನ್ ಬಂತು.

"ಅವ್ವ, ಹೋತ್."

"ನೋಡಿದೆ. ಊಟ ಆತಾ?"

"ಇಲ್ಲೆ."

"ಮೊದ್ಲು ಊಟ ಮಾಡ್. ಲೆಕ್ಕ ಆಮೇಲೆ."